ಕಬಡ್ಡಿ ಹುಚ್ಚಿನವನ ಒಂದು ತಕರಾರು



ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ಭಾನುವಾರ ಮದ್ದೂರಲ್ಲಿ ಏಪ್ರಿಲ್ 14ರ ಜಯಂತಿಗೆ ಪೂರ್ವಸಿದ್ಧತಾ ಸಭೆ ಇತ್ತು. ಈ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಡೋದು ಅಂತ ತೀರ್ಮಾನ ಆಯ್ತು. ಅಲ್ಲಿವರೆಗೂ ಎಲ್ಲರದ್ದೂ ಒಂದೇ ಮಾತು. ಆಮೇಲೆ ಒಬ್ಬ ಯುವಕ ಎದ್ದು ನಿಂತು, "ಅಣ್ಣ, ಈ ಸಲ ನಮ್ಮ ಹುಡುಗ್ರಿಗೆ ಮಾತ್ರ ಇಡೋಣ. ಅವ್ರು ಅವ್ರವ್ರ ಜಾತಿ ಕಪ್ ಮಾಡ್ಕೊತಾವ್ರೆ. ನಾವ್ಯಾಕೆ ಊರೋರ್ನೆಲ್ಲ ಕರೀಬೇಕು?" ಅಂದ. ಜೋರು ಚಪ್ಪಾಳೆ ಬಿತ್ತು. ನಾನು ಬೇಡ ಅಂದೆ. ಹಿರಿಯರೊಬ್ಬರು ನಗ್ತಾ, "ನಮ್ಮ ಗುಮಾಸ್ತರಿಗೆ ಕಬಡ್ಡಿ ಹುಚ್ಚು, ಅವರ ಮಾತು ಬಿಡ್ರಪ್ಪ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ಹುಚ್ಚು ಇರೋದು ನಿಜ. ಒಪ್ಕೊಂಡೇ ಶುರು ಮಾಡ್ತೀನಿ.

1997ರಲ್ಲಿ ಮಳವಳ್ಳಿ ಕಡೆಯ ಹಳ್ಳಿಯಿಂದ ಮಂಡ್ಯಕ್ಕೆ ಬಿ.ಎ. ಓದಕ್ಕೆ ಬಂದೆ. ಕಾಲೇಜಿನ ಹೆಸರು ಬೇಡ, ಮುಂದೆ ಬರೋ ಮಾತಿಗೆ ಅದು ಬೇಕಾಗೂ ಇಲ್ಲ. ಮೊದಲ ವರ್ಷ ತಂಡಕ್ಕೆ ಸೇರಕ್ಕೆ ಅಂತ ಹೋದೆ. ಎರಡನೇ ದಿನವೇ ಭುಜದ ಮೂಳೆ ಜರುಗಿತು. ಅವತ್ತಿಂದ ನಾನು ಆಡೋನಲ್ಲ, ನೋಡೋನು. ನೀರಿನ ಕ್ಯಾನು ಹೊತ್ತೆ, ಜೆರ್ಸಿ ಒಗೆದು ಹಾಸ್ಟೆಲ್ ಮಹಡಿ ಮೇಲೆ ಒಣಗಿ ಹಾಕಿದೆ, ಮೈಸೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯ ಎಲ್ಲಿದ್ರೂ ಕೆಂಪು ಬಸ್ಸು ಹತ್ತಿ ಹಿಂದೆ ಹೋದೆ. ಡಿಗ್ರಿ ಮುಗೀತು, ಕೆಲಸ ಸಿಕ್ತು, ಮದುವೆ ಆಯ್ತು. ಹೋಗೋದು ಮಾತ್ರ ನಿಲ್ಲಲಿಲ್ಲ. ಈಗಲೂ ಸೀಸನ್ನಲ್ಲಿ ನಾನು ಅರ್ಧ ದಿನ ಸಿ.ಎಲ್. ಹಾಕಿದ್ರೆ ಆಫೀಸಲ್ಲಿ ಯಾರೂ ಕಾರಣ ಕೇಳಲ್ಲ.

ಕಾಲೇಜು ತಂಡದ ಅಭಿಮಾನಿ ಆಗೋದು ಬೇರೇನೇ ಕಷ್ಟ. ಬೆಂಗಳೂರು ಬುಲ್ಸ್‌ಗೆ ಟಿ.ವಿ. ಇದೆ, ಲಕ್ಷಾಂತರ ಜನ ಇದ್ದಾರೆ. 2019ರ ಜನವರಿಯಲ್ಲಿ ಅವರು ಪ್ರೊ ಕಬಡ್ಡಿ ಕಪ್ ಗೆದ್ದಾಗ ನಮ್ಮ ಬೀದೀಲೂ ಪಟಾಕಿ ಹೊಡೆದ್ರು. ನನ್ನ ತಂಡಕ್ಕೆ ಮೈದಾನದಲ್ಲಿ ಇರೋದು ಇಪ್ಪತ್ತೋ ಮೂವತ್ತೋ ಜನ, ಅದರಲ್ಲಿ ಅರ್ಧ ಎದುರಾಳಿ ತಂಡದ ಸಬ್‌ಸ್ಟಿಟ್ಯೂಟ್‌ಗಳು. ಒಬ್ಬ ರೈಡರ್‌ನ ಕಾಲು ಯಾವ ಕಡೆ ಓಡುತ್ತೆ ಅಂತ ನಮಗೆ ಅರ್ಥ ಆಗೋ ಹೊತ್ತಿಗೆ ಅವನ ಮೂರು ವರ್ಷ ಮುಗಿದಿರುತ್ತೆ. ಆಮೇಲೆ ಅವನು ಗಾರ್ಮೆಂಟ್ಸಿಗೆ ಹೋಗ್ತಾನೆ, ಪೊಲೀಸ್ ಸೆಲೆಕ್ಷನ್ನಿಗೆ ಓಡ್ತಾನೆ, ಇಲ್ಲ ಕಬ್ಬಿನ ಲಾರಿ ಹತ್ತುತಾನೆ. ಜೆರ್ಸಿ ನಂಬರು ಬೇರೆಯವನ ಬೆನ್ನಿಗೆ ಹೋಗುತ್ತೆ. ನಾನು ಹಳೇ 5ನೇ ನಂಬರು, ಹೊಸ 5ನೇ ನಂಬರು ಅಂತ ಮನಸ್ಸಲ್ಲೇ ತಾಳೆ ಹಾಕ್ತಾ ಕೂತಿರ್ತೀನಿ. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ನೋಡಿದ್ದೀನಿ.

ಸಂಘಟನೆಯ ಗೆಳೆಯರು ಕೇಳ್ತಾರೆ. ಭೂಮಿ ಪ್ರಶ್ನೆ ಇದೆ, ಸ್ಮಶಾನದ ಪ್ರಶ್ನೆ ಇದೆ, ಬ್ಯಾಕ್‌ಲಾಗ್ ಹುದ್ದೆ ಇದೆ, ಇದರ ಮಧ್ಯೆ ಕಬಡ್ಡಿ ಯಾಕೆ ಅಂತ. ಅದಕ್ಕೆ ನನ್ನಪ್ಪನ ಒಂದು ಮಾತು ಹೇಳಬೇಕು.

ಅಪ್ಪ ಜೀವಮಾನದಲ್ಲಿ ಒಂದೇ ಒಂದು ಮ್ಯಾಚ್ ನೋಡಿದ್ದು. ಯಾವುದೋ ಕಾಗದ ಮಾಡಿಸಕ್ಕೆ ಮಂಡ್ಯಕ್ಕೆ ಬಂದಿದ್ದವರನ್ನ ನಾನೇ ಮೈದಾನಕ್ಕೆ ಕರ್ಕೊಂಡು ಹೋದೆ. ಅಪ್ಪ ಊರಲ್ಲಿ ಗೌಡರ ಮನೆ ಮುಂದೆ ಹೋಗುವಾಗ ಹೆಗಲ ಟವೆಲ್ಲನ್ನ ಕಂಕುಳಿಗೆ ಇಳಿಸ್ಕೊಳ್ಳೋ ಕಾಲದವರು. ಅವತ್ತು ನಮ್ಮ ಕೇರಿ ಕಡೆಯ ಹುಡುಗನೇ ರೈಡ್‌ಗೆ ಹೋದ. ಎದುರಿಗೆ ಏಳು ಜನ. ಬೋನಸ್ ಲೈನಿಗೆ ಕಾಲು ಚಾಚಿ ತಿರುಗೋ ಹೊತ್ತಿಗೆ ಎಡ ಕಾರ್ನರಿನವನು ಕಣಕಾಲು ಹಿಡಿದ, ಇನ್ನಿಬ್ಬರು ಸೊಂಟಕ್ಕೆ ಬಿದ್ದರು. ಮೂವರೂ ಊರ ಗೌಡರ ಮಕ್ಕಳು. ಮಣ್ಣು, ಬೆವರು, ಉಸಿರು ಎಲ್ಲ ಒಂದಾಗಿ ಹೋಯ್ತು. ಅವನು ಅವರನ್ನೂ ಎಳ್ಕೊಂಡೇ ಬಂದು ಮಧ್ಯದ ಗೆರೆ ಮುಟ್ಟಿದ. ಮೈದಾನ ಕಿತ್ತೋಗೋ ಹಂಗೆ ಕೂಗು. ಅಪ್ಪ ಕೂಗಲಿಲ್ಲ. ವಾಪಸ್ ಬರುವಾಗ ಮದ್ದೂರಲ್ಲಿ ಬಸ್ಸಿಗೆ ಕಾಯ್ತಾ ಇದ್ದಾಗ ಮೆಲ್ಲಗೆ ಕೇಳಿದ್ರು: "ಆ ಹುಡುಗ್ನ ಮುಟ್ಟಿದ್ರಲ್ಲ, ಅವ್ರು ಮನೆಗೋಗಿ ನೀರ್ ಹುಯ್ಕತಾರೇನ್ಲಾ?"

ನಾನು ನಕ್ಕು "ಈಗ ಅದೆಲ್ಲ ಇಲ್ಲ ಕಣಪ್ಪೋ" ಅಂದೆ. ಅಪ್ಪ ಮತ್ತೆ ಮಾತಾಡಲಿಲ್ಲ.

ನನಗೆ ಆ ಆಟ ಯಾಕೆ ಬಿಡಲಿಲ್ಲ ಅನ್ನೋದು ಅಪ್ಪನ ಪ್ರಶ್ನೆಯಲ್ಲೇ ಇದೆ. ನಮ್ಮನ್ನ ಸಾವಿರಾರು ವರ್ಷ ಮುಟ್ಟದೇ ದೂರ ಇಟ್ಟ ಊರಲ್ಲಿ, ಮುಟ್ಟಿದರೆ ಅಂಕ ಕೊಡೋ ಆಟ ಇದು. ಕಬಡ್ಡಿಯಲ್ಲಿ ಎದುರಾಳಿಯನ್ನ ಮುಟ್ಟದೆ ಗೆಲ್ಲಕ್ಕೆ ಆಗಲ್ಲ, ತಬ್ಬದೆ ಹಿಡಿಯಕ್ಕೆ ಆಗಲ್ಲ. ಒಂದು ರೈಡ್‌ಗೆ 30 ಸೆಕೆಂಡ್. ಅಷ್ಟರಲ್ಲಿ ಯಾವನಿಗೂ ಜಾತಿ ವಿಚಾರಿಸೋ ಪುರುಸೊತ್ತು ಸಿಗಲ್ಲ.

ಆದರೆ ಪಂದ್ಯ 40 ನಿಮಿಷಕ್ಕೆ ಮುಗಿದೋಗುತ್ತೆ. ಕಷ್ಟ ಶುರುವಾಗೋದು ಅದಾದ ಮೇಲೆ. ಅಪ್ಪನಿಗೆ ನಾನು ಕೊಟ್ಟ ಉತ್ತರ ಸುಳ್ಳು ಅಂತ ಗೊತ್ತಾಗಿದ್ದೂ ಅಂಥ ಹೊತ್ತಲ್ಲೇ. ಇದನ್ನ ಇವತ್ತಿನವರೆಗೆ ಎಲ್ಲೂ ಬರೆದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ. ಒಂದು ಹಳ್ಳಿಯ ಹಬ್ಬದ ಪಂದ್ಯಾವಳಿಗೆ ನಮ್ಮ ಕಾಲೇಜು ಹುಡುಗರು ಹೋಗಿದ್ರು, ನಾನೂ ಹಿಂದೆ ಹೋಗಿದ್ದೆ. ಪ್ರಥಮ ಬಹುಮಾನ ನಮಗೇ ಬಂತು. ಫೈನಲ್ಲಲ್ಲಿ ಅತಿ ಹೆಚ್ಚು ಅಂಕ ತಂದವನು ನಮ್ಮ ಕೇರಿಯ ರೈಡರ್. ಅವನನ್ನ ಹೆಗಲ ಮೇಲೆ ಹೊತ್ಕೊಂಡು ಕುಣಿದ್ರು. ಆಮೇಲೆ ದಾನಿಗಳ ಮನೆ ಅಂಗಳದಲ್ಲಿ ಊಟ. ಮುದ್ದೆ, ಕೋಳಿ ಸಾರು. ಸಾಲಾಗಿ ಕೂತಿದ್ರು. ಬಡಿಸ್ತಿದ್ದ ಯಜಮಾನರು ಅವನ ಹತ್ತಿರ ಬಂದು ಪ್ರೀತಿಯಿಂದಲೇ ಕೇಳಿದ್ರು: "ಚೆನ್ನಾಗ್ ಆಡ್ದೆ ಕಣ್ ಮಗ. ಯಾವೂರು? ಯಾರ ಪೈಕಿ?" ಅವನು ಸುಳ್ಳು ಹೇಳಲಿಲ್ಲ. ಅವರ ಮುಖ ಕೆಡಲೂ ಇಲ್ಲ, ಕೋಪವೂ ಬರಲಿಲ್ಲ. "ಅಂಗಾರೆ ಆ ಚಪ್ಪರದ್ ತಾವ ಕೂತ್ಕೊ ಮಗ, ಅಲ್ಲೇ ಕಳಿಸ್ತೀನಿ" ಅಂದ್ರು. ಅವನು ಎದ್ದ.

ಹನ್ನೆರಡು ಜನರ ತಂಡ. ಹತ್ತು ಜನ ತಲೆ ಬಗ್ಗಿಸಿ ಮುದ್ದೆ ಮುರಿದ್ರು. ಆ ಹತ್ತರಲ್ಲಿ ಇಬ್ಬರು ನಮ್ಮವರೇ. ಅವರನ್ನ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಬ್ಬ ಮಾತ್ರ, ಬಲ ಕಾರ್ನರ್ ಆಡ್ತಿದ್ದ ಗೌಡರ ಹುಡುಗ, ತನ್ನ ಎಲೆ ಎತ್ತಿಕೊಂಡು ಹೋಗಿ ಚಪ್ಪರದ ಕೆಳಗೆ ಅವನ ಪಕ್ಕ ಕೂತ. ಏನೂ ಮಾತಾಡಲಿಲ್ಲ.

ನಾನೂ ಮಾತಾಡಲಿಲ್ಲ. ಅಷ್ಟು ಹೊತ್ತಿಗೆ ನಾನು ಸಂಘಟನೆಗೆ ಬಂದು ಎಷ್ಟೋ ವರ್ಷ ಆಗಿತ್ತು. ಸಂವಿಧಾನದ 17ನೇ ವಿಧಿ ಬಗ್ಗೆ ಹಾಸ್ಟೆಲ್ಲುಗಳಲ್ಲಿ ಭಾಷಣ ಮಾಡ್ತಿದ್ದೆ. ಅವತ್ತು ಯಾಕೆ ಬಾಯಿ ಬರಲಿಲ್ಲ ಅಂತ ಬಹಳ ಸಲ ಕೇಳ್ಕೊಂಡಿದ್ದೀನಿ. ಹೆದರಿಕೆ ಅಂತ ಹೇಳಿದ್ರೆ ಅರ್ಧ ನಿಜ. ಇನ್ನರ್ಧ ಏನಂದ್ರೆ, ಮುಂದಿನ ವಾರ ಅಂತರ ಕಾಲೇಜು ಸೆಮಿಫೈನಲ್ ಇತ್ತು. ಗಲಾಟೆ ಆದ್ರೆ ತಂಡ ಒಡೆದೋಗುತ್ತೆ ಅಂತ ಲೆಕ್ಕ ಹಾಕಿದೆ. ನನ್ನೊಳಗಿನ ಅಭಿಮಾನಿ ನನ್ನೊಳಗಿನ ಕಾರ್ಯಕರ್ತನ ಬಾಯಿ ಮುಚ್ಚಿಸಿಬಿಟ್ಟ. ಸೆಮಿಫೈನಲ್ಲಿಗೆ ಆ ಹುಡುಗ ಬರಲೇ ಇಲ್ಲ. ನಾವು ಸೋತ್ವಿ. ಅವನು ಮತ್ತೆ ಅಂಕಣಕ್ಕೆ ಇಳಿದದ್ದನ್ನ ನಾನು ನೋಡಿಲ್ಲ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ ಬಂಧುಗಳೇ. ಪಲ್ವಂಕರ್ ಬಾಲೂ ಗೊತ್ತಲ್ಲ? ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಎಡಗೈ ಸ್ಪಿನ್ನರ್. ಪುಣೆಯ ಕ್ಲಬ್ಬಲ್ಲಿ ಪಿಚ್ ನೋಡ್ಕೊಳ್ಳೋ ಕೆಲಸ ಮಾಡ್ತಾ, ಇಂಗ್ಲಿಷರಿಗೆ ನೆಟ್ಸಲ್ಲಿ ಬೌಲಿಂಗ್ ಹಾಕ್ತಾ ಕಲಿತವನು. ಹಿಂದೂಗಳ ತಂಡಕ್ಕೆ ಅವನ ವಿಕೆಟ್ ಬೇಕಿತ್ತು, ಚೆಂಡು ಒಬ್ಬರಿಂದ ಒಬ್ಬರ ಕೈಗೆ ಹೋಗ್ತಿತ್ತು. ಟೀ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದು ಬಂದ. ಯುವಕ ಅಂಬೇಡ್ಕರ್‌ಗೆ ಅವನ ಮೇಲೆ ದೊಡ್ಡ ಅಭಿಮಾನ. ಅಷ್ಟಾದರೂ ಅವನಿಗೆ ನಾಯಕತ್ವ ಕೊಡಲೇ ಇಲ್ಲ. ಅವನ ತಮ್ಮ ವಿಠ್ಠಲ್‌ಗೆ ನಾಯಕತ್ವ ಸಿಕ್ಕಿದ್ದು 1923ರಲ್ಲಿ, ಆ ವರ್ಷ ತಂಡ ಗೆಲ್ತು ಕೂಡ. ಮುಂದೆ ಬಾಲೂ ಕಾಂಗ್ರೆಸ್ ಕಡೆ ಹೋಗಿ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಅದು ಬೇರೆ ಕತೆ. ಆಟ ಒಬ್ಬನಿಗೆ ಮರ್ಯಾದೆ ತಂದುಕೊಟ್ಟರೂ ರಾಜಕೀಯ ತಾನಾಗೇ ಕಲಿಸಲ್ಲ ಅನ್ನೋದಕ್ಕೆ ಅದೂ ಪಾಠವೇ.

ಅದು ನೂರು ವರ್ಷದ ಹಿಂದಿನದು ಅಂತೀರಾ? 2021ರ ಟೋಕಿಯೋ ಒಲಿಂಪಿಕ್ಸಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಮೇಲೆ ಹ್ಯಾಟ್ರಿಕ್ ಗೋಲು ಹೊಡೆದಳು. ಸೆಮಿಫೈನಲ್ ಸೋತ ದಿನ ಹರಿದ್ವಾರದ ಹತ್ತಿರ ಅವಳ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದ್ರು. ನಮ್ಮ ಪಕ್ಕದಲ್ಲೇ ನೋಡಿ, 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ ನಮ್ಮವರು ಕಾಲಭೈರವೇಶ್ವರ ದೇವಸ್ಥಾನದೊಳಗೆ ಹೋದಾಗ ಕೆಲವರು ಉತ್ಸವಮೂರ್ತಿಯನ್ನೇ ಎತ್ಕೊಂಡು ಆಚೆ ಹೋದ್ರು.

ಹಾಗಾದ್ರೆ ಸಭೆಯಲ್ಲಿ ಎದ್ದ ಯುವಕ ಹೇಳಿದ್ದೇ ಸರಿ ಅಲ್ವಾ? ಅವನ ಸಿಟ್ಟು ಸರಿ. ನಮ್ಮ ಹುಡುಗರಿಗೆ ಬೇರೆ ಕಡೆ ಅವಕಾಶ ಕಮ್ಮಿ ಅನ್ನೋದೂ ಸರಿ. ಆದರೂ ನಮ್ಮವರಿಗೆ ಮಾತ್ರ ಅನ್ನೋದನ್ನ ಒಪ್ಪಲ್ಲ. ಆ ಅಂಗಳದಲ್ಲಿ ಏನಾಯ್ತು ಅಂತ ಇನ್ನೊಂದು ಸಲ ಯೋಚನೆ ಮಾಡಿ. ಅಂಕಣ ಅವರದ್ದು, ಅಂಗಳ ಅವರದ್ದು, ಅನ್ನ ಅವರದ್ದು. ಯಾರು ಎಲ್ಲಿ ಕೂರಬೇಕು ಅಂತ ಹೇಳೋ ಅಧಿಕಾರವೂ ಅವರದ್ದಾಯ್ತು. ಏಪ್ರಿಲ್ 14ಕ್ಕೆ ಅಂಕಣ ನಮ್ಮದು, ಅನ್ನ ನಮ್ಮದು. ಅಂಥ ದಿನ ಬಾಗಿಲು ಹಾಕ್ಕೊಂಡು ನಾವು ನಾವೇ ಆಡಿದ್ರೆ ಊರಿಗೆ ಒಳಗೊಳಗೇ ಸಮಾಧಾನ. ಊರೋರು ಕೇರಿಗೆ ಬಂದು ಉಣ್ಣಬೇಕಾದ ಪರೀಕ್ಷೆಯಿಂದ ಅವರನ್ನ ನಾವೇ ಪಾರು ಮಾಡಿದಂಗೆ.

ಆ ಕಾರ್ನರ್ ಹುಡುಗನೂ ನೆನಪಾಗ್ತಾನೆ. ಅವನೊಬ್ಬ ಎದ್ದು ಬಂದ ಅಂತ ಜಾತಿ ಹೋಯ್ತು ಅಂತ ನಾನು ಹೇಳಲ್ಲ. ಹನ್ನೆರಡರಲ್ಲಿ ಒಬ್ಬ. ಆದರೆ ಮೂರು ವರ್ಷ ಇವನ ಜೊತೆ ಮಣ್ಣಲ್ಲಿ ಬೀಳದೇ ಇದ್ದಿದ್ರೆ ಅವನೂ ಎಲೆ ಎತ್ತುತಿದ್ನಾ? ನನಗೆ ಅನುಮಾನ.

ಅದಕ್ಕೆ ನನ್ನ ಪ್ರಸ್ತಾವನೆ ಇದು.

ಪಂದ್ಯಾವಳಿ ಎಲ್ಲರಿಗೂ ಮುಕ್ತ. ಆದರೆ ನಡೆಯೋದು ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ. ಊಟ ನಮ್ಮ ಅವ್ವಂದಿರು, ಅಕ್ಕಂದಿರು ಮಾಡಿದ್ದು. ಎಲ್ಲ ತಂಡಕ್ಕೂ ಒಂದೇ ಪಂಕ್ತಿ. ಊಟ ಮೊದಲು, ಪಂದ್ಯ ಆಮೇಲೆ. ಊಟಕ್ಕೆ ಕೂರದ ತಂಡಕ್ಕೆ ಟೈಸ್ ಹಾಕೋದು ಬೇಡ. ಪಾಂಪ್ಲೆಟ್ಟಲ್ಲಿ ಬಹುಮಾನದ ಮೊತ್ತದ ಪಕ್ಕದಲ್ಲೇ ಇದನ್ನೂ ದಪ್ಪ ಅಕ್ಷರದಲ್ಲಿ ಹಾಕೋಣ.

ಎರಡನೇದು, ಟ್ರೋಫಿ ಎತ್ತರ ಕಮ್ಮಿ ಮಾಡಿ, ಆ ದುಡ್ಡಲ್ಲಿ ಮ್ಯಾಟ್ ಬಾಡಿಗೆಗೆ ತರೋಣ. ಊರಲ್ಲಿ ಮಣ್ಣಿನ ಮೇಲೆ ಬರಿಗಾಲಲ್ಲಿ ಕಲಿತ ಹುಡುಗ ಸೆಲೆಕ್ಷನ್ನಿಗೆ ಹೋದಾಗ ಮೊದಲ ಸಲ ಮ್ಯಾಟ್ ಮೇಲೆ ಶೂ ಹಾಕ್ಕೊಂಡು ಕಣಕಾಲು ತಿರುಚ್ಕೊತಾನೆ. ಇದನ್ನ ನಾನು ಕಣ್ಣಾರೆ ನೋಡಿದ್ದೀನಿ. ಒಂದು ವಾರ ಮೊದಲೇ ಹಾಸಿದ್ರೆ ನಮ್ಮ ಹುಡುಗರು ರೂಢಿ ಮಾಡ್ಕೊತಾರೆ.

ಮೂರನೇದು, ಹೆಣ್ಣುಮಕ್ಕಳ ಪಂದ್ಯ. ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಇದೇ ಆಟಕ್ಕೆ ಅರ್ಜುನ ಪ್ರಶಸ್ತಿ ತಗೊಂಡವರು. ನಮ್ಮ ಜಯಂತಿಯಲ್ಲಿ ಹೆಣ್ಣುಮಕ್ಕಳಿಗೆ ಇನ್ನೂ ರಂಗೋಲಿ ಸ್ಪರ್ಧೆ ಮಾತ್ರ ಅಂದ್ರೆ ನಾಚಿಕೆ ಆಗ್ಬೇಕು.

ಕೊನೇದು, ಸಂಘಟನೆ ವತಿಯಿಂದ ಒಂದು ಮನವಿ. ಸಂಜೆ ಅಭ್ಯಾಸ ಮುಗಿಸಿ ತಡವಾಗಿ ಬರೋ ಹಾಸ್ಟೆಲ್ ಹುಡುಗ, ಹುಡುಗಿಗೆ ಒಂದು ತಟ್ಟೆ ಊಟ ಎತ್ತಿಡಿ. ಆಟವಾ, ಊಟವಾ ಅಂತ ಹದಿನೆಂಟು ವರ್ಷದ ಮಗು ಆರಿಸ್ಕೊಳ್ಳೋ ಹಂಗೆ ಆಗಬಾರದು.

ಬೆಂಗಳೂರಿನ ಹಲಸೂರು ಕಡೆ ಗೌತಮಪುರಕ್ಕೆ ಯಾವತ್ತಾದ್ರೂ ಹೋಗಿ ನೋಡಿ. ಫುಟ್‌ಬಾಲ್ ಉಸಿರಾಡೋ ಬಡಾವಣೆ. ಅಲ್ಲಿ ಬಾಬಾಸಾಹೇಬರು, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆ ಪ್ರತಿಮೆಯೂ ಇದೆ. ಬಾಬಾಸಾಹೇಬರ ಪಕ್ಕ ಒಬ್ಬ ಆಟಗಾರ ನಿಂತದ್ದರಿಂದ ಅಲ್ಲಿ ಯಾರ ಹೋರಾಟವೂ ಸಣ್ಣದಾಗಿಲ್ಲ.

ಈ ಭಾನುವಾರ ಸಂಜೆ 5ಕ್ಕೆ ಅದೇ ಜಾಗದಲ್ಲಿ ಮತ್ತೆ ಸಭೆ ಇದೆ. ನನ್ನ ಮಾತು ಒಪ್ಪದೇ ಇರೋರು ಖಂಡಿತ ಬನ್ನಿ, ಎದುರಿಗೇ ಬೈರಿ. ಬಹುಮತಕ್ಕೆ ಬಿದ್ದ ತೀರ್ಮಾನಕ್ಕೆ ನಾನೂ ಬದ್ಧ, ಕುರ್ಚಿ ಹೊರೋ ಕೆಲಸ ಎರಡರಲ್ಲೂ ಮಾಡ್ತೀನಿ.

ಮತ್ತೆ, ಆ ರೈಡರ್ ತಮ್ಮ ಎಲ್ಲಾದ್ರೂ ಇದನ್ನ ಓದಿದ್ರೆ ಒಂದು ಮಾತು. ಅವತ್ತು ನಾನು ಎದ್ದು ಬರಬೇಕಾಗಿತ್ತು ಕಣಪ್ಪ, ಬರಲಿಲ್ಲ. ತಪ್ಪಾಯ್ತು. ಏಪ್ರಿಲ್ 14ಕ್ಕೆ ನಿನ್ನ ಮಕ್ಕಳನ್ನೂ ಕರ್ಕೊಂಡು ಬಾ. ಪಂಕ್ತಿಯ ಮೊದಲನೇ ಎಲೆ ನಿನಗೇ. ಬಡಿಸೋನು ನಾನು.

ಜೈ ಭೀಮ್.