ಪಂಚಾಯತಿ ಬಾಗಿಲಿಗೆ ಬಂದ ಬೆಳಕು ಮನೆ ಬಾಗಿಲಿಗೇಕೆ ಬರಲಿಲ್ಲ?

ಹಳ್ಳಿಹಳ್ಳಿಗೂ ಗಾಜಿನ ತಂತಿ ಎಳೆದಿದ್ದೇವೆ ಎಂದು ಸರಕಾರ ಹೇಳಿಕೊಳ್ಳುತ್ತಿದೆ. ನಾವು ಕೇಳುವ ಪ್ರಶ್ನೆ ಒಂದೇ: ಹಳ್ಳಿ ಎಂದರೆ ಯಾವುದು? ಜನ ಉಂಡು ಮಲಗುವ ಮನೆಗಳೋ, ಪಂಚಾಯತಿ ಕಚೇರಿಯ ಗೋಡೆಯೋ? ಲೆಕ್ಕಪತ್ರ ನೋಡಿದರೆ ಕಚೇರಿಯ ಗೋಡೆಯೇ ಹಳ್ಳಿ. ಆ ಗೋಡೆಗೆ ಒಂದು ಪೆಟ್ಟಿಗೆ ಜಡಿದರೆ ಊರಿಗೆ ಊರೇ ಸಂಪರ್ಕ ಪಡೆದಂತೆ. ವಾರದ ರಜಕ್ಕೆ ಊರಿಗೆ ಹೋಗುವ ಗಿರಣಿ ಕಾರ್ಮಿಕನಿಗೆ ಮಾತ್ರ ಈ ಲೆಕ್ಕ ಕಾಣುವುದಿಲ್ಲ. ಅವನಿಗೆ ಕಾಣುವುದು ಫೋನನ್ನು ತಲೆಯ ಮೇಲೆತ್ತಿ ಕೆರೆ ಏರಿಯ ಮೇಲೆ ಓಡಾಡುವ ತನ್ನ ಮಗಳು.

ಕತೆ ಇಂದು ನಿನ್ನೆಯದಲ್ಲ. 2011ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದಿನ ಅಂದಾಜು 20,000 ಕೋಟಿ ರೂಪಾಯಿ; ಅಂದಿನ ವಾಯಿದೆ ಎರಡು ವರ್ಷ. ಸರಕಾರ ಬದಲಾಯಿತು, ಹೆಸರೂ ಬದಲಾಗಿ ಯೋಜನೆ ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯತಿ ಮುಗಿದವೆಂದು ಹೇಳಿದ್ದು 2017ರ ಡಿಸೆಂಬರಿನಲ್ಲಿ. 2021ರಲ್ಲಿ ಖಾಸಗಿಯವರ ಪಾಲುದಾರಿಕೆಯಲ್ಲಿ ಹದಿನಾರು ರಾಜ್ಯಗಳ ಕೆಲಸ ಮುಗಿಸುವುದಾಗಿ ಇನ್ನೊಂದು ತೀರ್ಮಾನವಾಯಿತು. ಆ ಹದಿನಾರರಲ್ಲಿ ಕರ್ನಾಟಕವೂ ಒಂದು. ಬಂಡವಾಳಗಾರರ ಕೊರತೆ ತುಂಬಿಕೊಡಲು 19,041 ಕೋಟಿ ರೂಪಾಯಿ ಎತ್ತಿಡುವುದೆಂದೂ ಗೊತ್ತಾಯಿತು. ಅದು ಕಾಗದದಲ್ಲೇ ಉಳಿಯಿತು. ಹಳ್ಳಿಗೆ ತಂತಿ ಎಳೆದರೆ ಲಾಭ ತಡವಾಗಿ ಬರುತ್ತದೆ ಎಂಬುದು ಬಂಡವಾಳಗಾರನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕಡೆಗೆ 2023ರ ಆಗಸ್ಟಿನಲ್ಲಿ ಮೂರನೆಯ ಸಾರಿ ಪಲ್ಲವಿ ಹಾಡಿ, 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ತಂದರು.

ಇದು ಯಾರ ಹಣ? ಸರಕಾರದ ಧರ್ಮವೇನೂ ಅಲ್ಲ. 2002ರ ಏಪ್ರಿಲಿನಿಂದ ದೂರವಾಣಿ ಕಂಪನಿಗಳ ಆದಾಯದ ಮೇಲೆ ನೂರಕ್ಕೆ ಐದರಂತೆ ಒಂದು ನಿಧಿಗೆ ಹಣ ವಸೂಲಾಗುತ್ತಿದೆ. ಹಳ್ಳಿಗಾಡಿಗೂ ದೂರವಾಣಿ ಸಿಗಲಿ ಎಂದೇ ಹುಟ್ಟಿದ ನಿಧಿ ಅದು. 2023ರ ಕಾನೂನಿನಲ್ಲಿ ಅದಕ್ಕೆ ಡಿಜಿಟಲ್ ಭಾರತ ನಿಧಿ ಎಂದು ಹೊಸ ಹೆಸರಿಟ್ಟಿದ್ದಾರೆ. ಕಂಪನಿ ಕೊಡುವ ಐದು ರೂಪಾಯಿ ಎಲ್ಲಿಂದ ಬರುತ್ತದೆ? ನಾವು ತಿಂಗಳು ತಿಂಗಳು ಹಾಕಿಸುವ ರೀಚಾರ್ಜಿನಿಂದಲೇ. ಅಂದಮೇಲೆ ನೆಲದಡಿಯ ಆ ತಂತಿ ನಮ್ಮ ಕಾಸಿನದು. ನಮ್ಮ ಕಾಸಿನ ವಸ್ತು ನಮ್ಮ ಬೀದಿಯ ತುದಿಗೆ ಬಂದು ನಿಂತಿದೆ.

ಈ ವಿದ್ಯೆ ಹೇಗೆ ನಡೆಯುತ್ತದೆಂದು ನಮ್ಮ ಓದುಗರು ತಿಳಿದಿರಬೇಕು. ತಿಳಿಯದ ವಸ್ತುವಿನ ಹೆಸರಿನಲ್ಲೇ ಬಡವನನ್ನು ಏಮಾರಿಸುವುದು ಸುಲಭ. ಗಾಜಿನ ಎಳೆ ತಲೆಗೂದಲಿನಷ್ಟು ದಪ್ಪ. ಅದರ ನಡುವೆ ಬೆಳಕು ಹರಿಯುವ ತಿರುಳು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ತೆಳು. ತಾಲ್ಲೂಕು ಕೇಂದ್ರದ ವಿನಿಮಯ ಕೇಂದ್ರದಲ್ಲಿರುವ ಯಂತ್ರ ಕಣ್ಣಿಗೆ ಕಾಣದ ಬೆಳಕನ್ನು ಈ ತಿರುಳಿನೊಳಗೆ ಬಿಡುತ್ತದೆ. ಬೆಳಕು ಗಾಜಿನ ಗೋಡೆಗೆ ತಾಗಿ ಒಳಕ್ಕೇ ಮರಳುತ್ತ ಇಪ್ಪತ್ತು ಕಿಲೋಮೀಟರಿನವರೆಗೂ ನಡೆಯುತ್ತದೆ. ದಾರಿಯಲ್ಲಿ ಒಂದು ಸಣ್ಣ ಪೆಟ್ಟಿಗೆ ಆ ಬೆಳಕನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಮೂವತ್ತೆರಡಾಗಿ ಸೀಳುತ್ತದೆ. ಈ ಸೀಳುವ ಪೆಟ್ಟಿಗೆಗೆ ಕರೆಂಟು ಬೇಡ, ಕಾವಲುಗಾರನೂ ಬೇಡ. ಸೀಳಿದ ಒಂದೊಂದು ಎಳೆಯೂ ಒಂದೊಂದು ಮನೆಯ ಗೋಡೆಗೆ ಬಂದು, ಬೆಳಕನ್ನು ಮರಳಿ ಮಾತಾಗಿ, ಚಿತ್ರವಾಗಿ, ಲೆಕ್ಕವಾಗಿ ಬಿಡಿಸುವ ಪುಟ್ಟ ಯಂತ್ರದಲ್ಲಿ ಕೊನೆಯಾಗುತ್ತದೆ. ಹೀಗೆ ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಇಳಿಯುತ್ತದೆ. ಮೂವತ್ತೆರಡು ಮನೆಯವರು ಒಂದೇ ಗಳಿಗೆಯಲ್ಲಿ ಎಳೆದುಕೊಂಡರೂ ತಲೆಗೆ ಎಪ್ಪತ್ತೈದಕ್ಕೆ ಕಡಿಮೆಯಿಲ್ಲ. ಮೂವತ್ತೆರಡು ಮನೆ ಎಂದರೆ ನಮ್ಮ ಕಡೆ ಒಂದು ಓಣಿ! ಒಂದು ಓಣಿಗೆ ಒಂದು ಕೂದಲೆಳೆ ಸಾಕು.

ಎಳೆ ಕಡಿದರೆ ಜೋಡಿಸಬೇಕು. ನೂಲುವ ಖಾತೆಯಲ್ಲಿ ಕಡಿದ ಎಳೆಯನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸೇರಿಸುವ ನಮ್ಮ ಅಕ್ಕತಂಗಿಯರಿಗೆ ಈ ಕೆಲಸದ ಮರ್ಮ ಬೇಗ ತಿಳಿದೀತು. ಎರಡು ತುದಿಗಳನ್ನು ಸಮವಾಗಿ ಕತ್ತರಿಸಿ, ಧೂಳು ಒರೆಸಿ, ಎದುರುಬದುರು ಇಟ್ಟು, ವಿದ್ಯುತ್ತಿನ ಕಿಡಿಯಿಂದ ಬೆಸೆಯುತ್ತಾರೆ. ಬೆಸುಗೆ ಕೆಟ್ಟರೆ ಬೆಳಕು ಸೋರುತ್ತದೆ. ತಂತಿಯನ್ನು ಬಿಗಿಯಾಗಿ ಮಡಿಸಿ ಮೊಳೆ ಹೊಡೆದರೂ ಸೋರುತ್ತದೆ. ಹಳೆಯ ತಾಮ್ರದ ಫೋನು ವಿನಿಮಯ ಕೇಂದ್ರದ ಕರೆಂಟನ್ನೇ ಹೊತ್ತು ತರುತ್ತಿತ್ತು. ಗಾಜು ಕರೆಂಟು ಹೊರುವುದಿಲ್ಲ. ಮನೆಯ ದೀಪ ಆರಿದರೆ ಈ ಯಂತ್ರವೂ ಆರಿತು. ಒಟ್ಟಿನಲ್ಲಿ ಇದು ಮಾಯಾಮಂತ್ರವಲ್ಲ. ಹಾರೆ, ಗುದ್ದಲಿ, ಬೆಸುಗೆ, ಬ್ಯಾಟರಿ ಮತ್ತು ದಿನಕ್ಕೊಮ್ಮೆ ಬಂದು ನೋಡುವ ಮನುಷ್ಯನ ಕೆಲಸ.

ಹಾಗಿದ್ದರೆ ಕೆಟ್ಟದ್ದು ಎಲ್ಲಿ? ಮೊದಲ ಹಂತದಲ್ಲಿ ಪಂಚಾಯತಿಗೆ ಕೊಟ್ಟದ್ದು ಹಂಚುವ ಪೆಟ್ಟಿಗೆಯಲ್ಲ, ಪಡೆದುಕೊಳ್ಳುವ ಪೆಟ್ಟಿಗೆ. ಮನೆಗೆ ಕೊಡಬೇಕಾದ ಕೊನೆಯ ಯಂತ್ರವನ್ನೇ ಪಂಚಾಯತಿ ಗೋಡೆಗೆ ತಗುಲಿಸಿ ಕೈ ತೊಳೆದುಕೊಂಡರು. ಬೆಳಕಿನ ದಾರಿ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಓಣಿಗೆ ಯಾರು ಎಳೆಯಬೇಕು, ಕಂಬ ಯಾರದು, ಬೆಸುಗೆ ಯಾರದು ಎಂದು ಕೇಳಿದರೆ ಉತ್ತರವಿಲ್ಲ. ನೂರು ಮೈಲಿ ನಡೆದು ಬಂದ ನೀರನ್ನು ಹೊಲದ ಬದುವಿನಲ್ಲಿ ನಿಲ್ಲಿಸಿದ ಹಾಗೆ!

ಎರಡನೆಯದು, ತಂತಿಯನ್ನು ಒಂದೇ ಸಾಲಿನಲ್ಲಿ ಎಳೆದರು. ನಡುವೆ ಒಂದು ಕಡೆ ಕಡಿದರೆ ಅದರಾಚೆಯ ಊರೆಲ್ಲ ಕತ್ತಲೆ. ತಂತಿಯ ಕೊಳವೆಯನ್ನು 1.65 ಮೀಟರ್ ಆಳದಲ್ಲಿ, ಎಂದರೆ ಹತ್ತಿರ ಹತ್ತಿರ ಐದೂವರೆ ಅಡಿಯಲ್ಲಿ ಹೂಳಬೇಕೆಂದು ನಿಯಮವುಂಟು. ಬಂಡೆ ಸಿಕ್ಕ ಕಡೆ ಗುತ್ತಿಗೆದಾರ ಎರಡಡಿಗೆ ಮುಚ್ಚಿ ಐದೂವರೆಗೆ ಬಿಲ್ಲು ಬರೆದರೆ ಮತ್ತೆ ಅಗೆದು ನೋಡುವವರು ಯಾರು? ಆಮೇಲೆ ರಸ್ತೆ ಅಗಲ ಮಾಡುವ ಇಲಾಖೆಯ ಯಂತ್ರ ಬರುತ್ತದೆ, ನಲ್ಲಿ ನೀರಿನ ಕೊಳವೆಯವರು ಬರುತ್ತಾರೆ. ಒಂದು ಇಲಾಖೆ ಹೂಳಿದ್ದನ್ನು ಇನ್ನೊಂದು ಇಲಾಖೆ ಕಿತ್ತುಹಾಕುತ್ತದೆ. ಎರಡಕ್ಕೂ ಹಣ ಕೊಡುವವರು ನಾವೇ.

ಮೂರನೆಯದನ್ನು ಕಾರ್ಮಿಕರು ವಿಶೇಷವಾಗಿ ಗಮನಿಸಬೇಕು. ಕಡಿದ ತಂತಿ ಬೆಸೆಯುವ ಕೈಗಳೇ ಹೋದವು. ಸ್ವಯಂನಿವೃತ್ತಿಯ ಹೆಸರಿನಲ್ಲಿ 2020ರ ಜನವರಿ 31ರಂದು ಬಿಎಸ್‌ಎನ್‌ಎಲ್ ಸಂಸ್ಥೆಯಿಂದ 78,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರನಡೆದರು. ಸಂಸ್ಥೆಯ ಅರ್ಧಕ್ಕರ್ಧ ಬಲ! ಎರಡು ವರ್ಷದ ಬಳಿಕ, 2022ರಲ್ಲಿ, ಭಾರತ್‌ನೆಟ್‌ನ ಹೊಣೆಯನ್ನು ಅದೇ ಸಂಸ್ಥೆಯ ತಲೆಗೆ ಕಟ್ಟುವ ತೀರ್ಮಾನವಾಯಿತು. ಕೈ ಕತ್ತರಿಸಿ ಕೊಡ ಹೊರಿಸುವ ನ್ಯಾಯವಿದು. ಸಾರ್ವಜನಿಕ ಸಂಸ್ಥೆ ಕೆಲಸ ಮಾಡುವುದಿಲ್ಲವೆಂದು ಪತ್ರಿಕೆಗಳಲ್ಲಿ ಬರೆಯುವ ಮಹನೀಯರು ಈ ಲೆಕ್ಕವನ್ನು ಮಾತ್ರ ಬರೆಯುವುದಿಲ್ಲ.

“ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ತಂತಿ ಏಕೆ?” ಎಂದು ಕೇಳುವವರಿದ್ದಾರೆ. ಗೋಪುರದ ಗಾಳಿ ಎಲ್ಲರಿಗೂ ಒಂದೇ. ಸಂಜೆ ಊರೆಲ್ಲ ಹಿಡಿದೆಳೆದರೆ ಯಾರಿಗೂ ಸಿಗದು. ಆ ಗೋಪುರದ ಹೊರೆ ಹೊರುವುದಕ್ಕೂ ಕಡೆಗೆ ನೆಲದಡಿಯ ಗಾಜಿನ ಎಳೆಯೇ ಬೇಕು. ಬೆಲೆಯ ಮಾತೋ? 2024ರ ಜುಲೈ ಮೊದಲ ವಾರದಲ್ಲಿ ಮೂರು ದೊಡ್ಡ ಖಾಸಗಿ ಕಂಪನಿಗಳೂ ಒಂದರ ಹಿಂದೊಂದು ದರ ಏರಿಸಿದವು. ಪೈಪೋಟಿಯಿಂದ ಬೆಲೆ ಇಳಿಯುತ್ತದೆಂದು ನಮಗೆ ಪಾಠ ಹೇಳಿದ ಪಂಡಿತರು ಆ ವಾರ ಎಲ್ಲಿದ್ದರು?

ಇದು ಶೋಕಿಯ ಮಾತಲ್ಲ. 2017ರ ಜುಲೈ ಒಂದರಿಂದ ಜಿಎಸ್‌ಟಿ ಬಂದ ಮೇಲೆ ನೋಂದಣಿ ಮಾಡಿಸಿದ ಅಂಗಡಿಕಾರನ ಲೆಕ್ಕವೆಲ್ಲ ಈ ತಂತಿಯ ಮೇಲೆ. ತಡವಾದರೆ ದಂಡ, ತಂತಿ ಕಡಿದಿತ್ತು ಎಂಬ ಸಬೂಬು ನಡೆಯದು. ಪಡಿತರದ ಅಂಗಡಿಯಲ್ಲಿ ಮುದುಕಿಯ ಹೆಬ್ಬೆಟ್ಟು ಹಿಡಿಯುವುದು ಇದರ ಮೇಲೆ. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕೂಲಿಕಾರರ ಹಾಜರಿಯನ್ನೂ ಫೋಟೋ ಸಮೇತ ಮೊಬೈಲಿನಲ್ಲೇ ಹಾಕಬೇಕೆಂದು ಕಡ್ಡಾಯ ಮಾಡಿದರು. ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ, ಯಾವುದು ಇದರ ಹೊರಗಿದೆ? ಸರಕಾರ ತನ್ನ ಬಾಗಿಲುಗಳನ್ನೆಲ್ಲ ಈ ತಂತಿಯ ತುದಿಗೆ ಇಟ್ಟಿದೆ. ಬಾಗಿಲು ಅಲ್ಲಿಟ್ಟ ಮೇಲೆ ದಾರಿ ಮಾಡಿಕೊಡುವುದು ದಾನವೋ, ಕರ್ತವ್ಯವೋ?

ಈ ನಾಡಿಗೆ ಇದು ಹೊಸ ಅನುಭವವೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದಾಗ ತೊಂಬತ್ತು ಮೈಲಿಗೂ ಉದ್ದದ ತಂತಿ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಗಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಹಣ ಮೈಸೂರಿನ ಪ್ರಜೆಗಳದು, ನೀರು ಕಾವೇರಿಯದು, ಮೊದಲ ಲಾಭ ಇಂಗ್ಲಿಷ್ ಕಂಪನಿಯದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗಿನ ಹಳ್ಳಿಗರು ದಶಕಗಟ್ಟಲೆ ಸೀಮೆಎಣ್ಣೆಯ ಬುಡ್ಡಿ ಉರಿಸಿದರು. ಅಂದು ನೆತ್ತಿಯ ಮೇಲೆ ಹಾದದ್ದು ಇಂದು ಕಾಲಡಿಯಲ್ಲಿ ಹಾಯುತ್ತಿದೆ, ವ್ಯತ್ಯಾಸ ಇಷ್ಟೇ.

ಈಗಿನ ಯೋಜನೆಯಲ್ಲಿ ಒಳ್ಳೆಯದು ಇಲ್ಲವೆಂದು ನಾವು ಹೇಳುವುದಿಲ್ಲ. ತಂತಿಯನ್ನು ಉಂಗುರದಂತೆ ಸುತ್ತಿಸುತ್ತೇವೆ ಎಂದಿದ್ದಾರೆ. ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಬರುತ್ತದೆ. ಹತ್ತು ವರ್ಷದ ದುರಸ್ತಿಯ ಹೊಣೆಯನ್ನೂ ಸೇರಿಸಿದ್ದಾರೆ. ಒಂದೂವರೆ ಕೋಟಿ ಹಳ್ಳಿಮನೆಗಳಿಗೆ ಸಂಪರ್ಕದ ಗುರಿಯಿದೆ. ಆದರೆ ಮನೆಯ ಸಂಪರ್ಕವನ್ನು ಒಪ್ಪಿಸುವುದು ಯಾರಿಗೆ? ಊರಿನ ಒಬ್ಬ ‘ಉದ್ಯಮಿ’ಗೆ. ಬಂದ ಬಿಲ್ಲಿನಲ್ಲಿ ಅವನಿಗೆ ಅರ್ಧ, ಬಿಎಸ್‌ಎನ್‌ಎಲ್‌ಗೆ ಅರ್ಧ. ಕೇಳಲು ಚೆನ್ನಾಗಿದೆ. ಹೆಸರು ಉದ್ಯಮಿ, ಕೆಲಸ ಕಂಬ ಹತ್ತುವುದು, ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ, ಬಿದ್ದು ಕಾಲು ಮುರಿದರೆ ಇಎಸ್‌ಐ ಇಲ್ಲ. ಇದನ್ನು ಗಿರಣಿಯವರು ಬದಲಿ ಕೂಲಿ ಎನ್ನುತ್ತಾರೆ! ಬಿಲ್ಲನ್ನೇ ನೆಚ್ಚಿದ ಆ ಹುಡುಗ ತಂತಿಯನ್ನು ಮೊದಲು ಎಲ್ಲಿಗೆ ಎಳೆದಾನು? ಬಿಲ್ಲು ಕಟ್ಟಬಲ್ಲ ಮಾಳಿಗೆಮನೆಗೆ. ಕೇರಿಗೆ ಕಡೆಯಲ್ಲಿ. ಅದು ಅವನ ತಪ್ಪಲ್ಲ, ಏರ್ಪಾಡಿನ ತಪ್ಪು.

ಬೇರೆ ದಾರಿ ಇಲ್ಲವೇ? ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1960ರ ದಶಕದ ಕೊನೆಯಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಮನೆಮನೆಗೆ ವಿದ್ಯುತ್ತು ಹಂಚುತ್ತಿದೆ. ವಿದ್ಯುತ್ತಿನ ತಂತಿ ನಿಭಾಯಿಸಿದ ರೈತರಿಗೆ ಕೂದಲೆಳೆಯ ಗಾಜು ಭಾರವೇ? ಸಹಕಾರದ ಮೊದಲ ಬೀಜ ಬಿದ್ದದ್ದೇ 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಕೈಯಿಂದ. ಪಕ್ಕದ ಕೇರಳ 2023ರ ಜೂನ್ 5ರಂದು ಸರಕಾರದ ಸ್ವಂತ ಜಾಲ ತೆರೆಯಿತು. ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿ, ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಕೊಡುವ ಗುರಿ ಇಟ್ಟುಕೊಂಡಿತು. ಅಲ್ಲಿಯೂ ಕೆಲಸ ಘೋಷಣೆಯ ವೇಗದಲ್ಲಿ ನಡೆಯಲಿಲ್ಲ. ಆದರೆ ಬಡವನನ್ನು ಸಾಲಿನ ಮೊದಲಿಗೆ ನಿಲ್ಲಿಸಿತಲ್ಲ, ಅದು ಮುಖ್ಯ. ಇಂಗ್ಲೆಂಡಿನ ಲಂಕಾಶೈರಿನಲ್ಲಿ ಕಂಪನಿಗಳು ಕಡೆಗಣಿಸಿದ ಹಳ್ಳಿಗಳವರು 2011ರಲ್ಲಿ ತಮ್ಮದೇ ಸಂಘ ಕಟ್ಟಿದರು. ರೈತರು ಹೊಲದಲ್ಲಿ ದಾರಿ ಬಿಟ್ಟರು. ಊರವರೇ ಕಾಲುವೆ ತೋಡಿದರು. ಪಟ್ಟಣದವರಿಗೂ ಇಲ್ಲದ ವೇಗದ ಸಂಪರ್ಕ ಅವರ ದನದ ಕೊಟ್ಟಿಗೆಯ ಪಕ್ಕಕ್ಕೆ ಬಂತು. ನೂಲಿನ ಗಿರಣಿಗಳಿಗೆ ಹೆಸರಾದ ಸೀಮೆ ಅದು. ಗಿರಣಿಯವರು ಅದನ್ನು ನೆನಪಿಟ್ಟುಕೊಳ್ಳಲಿ.

ಸಹಕಾರ ಸಂಘವನ್ನು ಪುಢಾರಿಗಳು ನುಂಗುತ್ತಾರೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ನುಂಗಿದ್ದುಂಟು. ಆದರೆ ಸಂಘದ ಸದಸ್ಯನಿಗೆ ಮಹಾಸಭೆಯಲ್ಲಿ ಎದ್ದು ಲೆಕ್ಕ ಕೇಳುವ ಹಕ್ಕಿದೆ. ಕಂಪನಿಯ ಗಿರಾಕಿಗೆ ಇರುವುದು ಫೋನು ಕಿವಿಗಿಟ್ಟು ಸಂಗೀತ ಕೇಳುವ ಹಕ್ಕು ಮಾತ್ರ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಒಂದು, ಪಂಚಾಯತಿಯಿಂದ ಮನೆಯವರೆಗಿನ ತಂತಿ ಪಂಚಾಯತಿಯದೋ ಊರ ಸಹಕಾರ ಸಂಘದ್ದೋ ಆಗಬೇಕು. ಸಾರ್ವಜನಿಕ ನಿಧಿಯಿಂದಲೇ ಹಾಕಬೇಕು. ಎರಡು, ತಂತಿ ಬೆಸೆಯುವವರು ಖಾಯಂ ಸಂಬಳದ ಕಾರ್ಮಿಕರಾಗಬೇಕು. ಊರಿನ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ ತೆಗೆದುಕೊಳ್ಳಬೇಕು. ಮೂರು, ಮೊದಲ ಎಳೆ ಶಾಲೆಗೆ, ಆಸ್ಪತ್ರೆಗೆ ಮತ್ತು ಕೇರಿಗೆ ಹೋಗಬೇಕು. ನಾಲ್ಕು, ನೆಲ ಅಗೆಯುವ ಪ್ರತಿಯೊಂದು ಇಲಾಖೆಯೂ ಪಂಚಾಯತಿಗೆ ಮೊದಲು ತಿಳಿಸಬೇಕು. ಕಡಿದವನೇ ದುರಸ್ತಿಯ ವೆಚ್ಚ ತೆರಬೇಕು.

ಒಂದು ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಪಂಚಾಯತಿ ಕೇಂದ್ರವಲ್ಲದ ಹಳ್ಳಿಗಳಿಗೆ ‘ಬೇಡಿಕೆಯ ಮೇರೆಗೆ’ ಸಂಪರ್ಕ ಕೊಡುತ್ತೇವೆಂದು 2023ರ ಯೋಜನೆಯಲ್ಲೇ ಬರೆದಿದ್ದಾರೆ. ದೇಶದಲ್ಲಿ ಇಂಥ ಹಳ್ಳಿಗಳು ಹತ್ತಿರ ಹತ್ತಿರ ನಾಲ್ಕು ಲಕ್ಷ. ಕೇಳಿದವರಿಗೆ ಉಂಟು, ಸುಮ್ಮನಿದ್ದವರಿಗೆ ಇಲ್ಲ ಎಂದೇ ಇದರ ಅರ್ಥ. ಸರಿ, ಕೇಳೋಣ! ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಪಾಳಿ ಮುಗಿಸಿ ಊರಿಗೆ ಹೋಗುವ ಕಾರ್ಮಿಕ ಬಂಧುಗಳು, ಸಂತೆಗೆ ಸಾಮಾನು ಒಯ್ಯುವ ವ್ಯಾಪಾರಿ ಮಿತ್ರರು ಆ ಸಭೆಯಲ್ಲಿ ಎದ್ದು ನಿಲ್ಲಲಿ. ಎಷ್ಟು ಮನೆಗೆ ಬೇಕೆಂದು ಓಣಿವಾರು ಪಟ್ಟಿ ಮಾಡಲಿ, ಠರಾವು ಬರೆಸಲಿ, ಅದರ ನಕಲು ಪಡೆದು ತಾಲ್ಲೂಕಿಗೂ ಜಿಲ್ಲೆಗೂ ಒಯ್ಯಲಿ. ಒಂದು ಊರಿನ ಠರಾವು ಕಸದ ಬುಟ್ಟಿಗೆ ಬಿದ್ದೀತು. ಒಂದು ತಾಲ್ಲೂಕಿನ ಎಲ್ಲ ಊರುಗಳ ಠರಾವು ಹಿಡಿಯುವಷ್ಟು ದೊಡ್ಡ ಬುಟ್ಟಿ ಯಾವ ಕಚೇರಿಯಲ್ಲೂ ಇಲ್ಲ.