ನಗರಸಭೆ ಯಾರ ಕೃಪೆಯಲ್ಲಿದೆ?

2019ರ ಮಳೆಗಾಲದಲ್ಲಿ ನಮ್ಮ ಪಟ್ಟಣದ ಮೊಹಲ್ಲಾವೊಂದರ ಚರಂಡಿ ಕಟ್ಟಿಕೊಂಡು, ಕೊಳಚೆ ನೀರು ಮಸೀದಿಯ ಮೆಟ್ಟಿಲಿನವರೆಗೂ ಬಂದಿತ್ತು. ಮಸೀದಿ ಕಮಿಟಿಯ ಹಿರಿಯರೊಬ್ಬರನ್ನು ಕರೆದುಕೊಂಡು ನಾವು ಆ ವಾರ್ಡಿನ ಸದಸ್ಯರ ಮನೆಗೆ ಹೋದೆವು. "ಚಾಚಾ, ಗೆದ್ದು ವರ್ಷವಾಗುತ್ತ ಬಂತು. ಇನ್ನೂ ಒಂದು ಸಭೆಯಲ್ಲೂ ಕೂತಿಲ್ಲ. ಅಧ್ಯಕ್ಷರೇ ಇಲ್ಲದ ಮೇಲೆ ನಾನು ಯಾರಿಗೆ ಹೇಳಲಿ?" ಎಂದು ಆ ಯುವಕ ಕೈ ಚೆಲ್ಲಿದ. ಹಿಂದಿರುಗುವಾಗ ಹಿರಿಯರು, "ಇವನೂ ಕಲಿತುಬಿಟ್ಟ ನೋಡಿ ಸುಳ್ಳು ಹೇಳುವುದನ್ನು" ಎಂದು ನೊಂದುಕೊಂಡರು.

ಆದರೆ ಆತ ಹೇಳಿದ್ದು ನಿಜವಾಗಿತ್ತು. 2018ರ ಆಗಸ್ಟ್ 31ರಂದು ಕರ್ನಾಟಕದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಆ ಬಳಿಕ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಅದು ಇತ್ಯರ್ಥವಾಗಿ ಬಹುತೇಕ ಕಡೆ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯಲ್ಲಿ. ಅಲ್ಲಿಯವರೆಗೆ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲೇ ಪಟ್ಟಣಗಳಿದ್ದವು. ಮತ ಪಡೆದವರು ಮನೆಯಲ್ಲಿದ್ದರು, ಮತ ಹಾಕಿದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ರಾಜ್ಯದಲ್ಲಿ ನಮ್ಮ ಅಧ್ಯಕ್ಷರ ಅವಧಿ ಎರಡೂವರೆ ವರ್ಷ. ಮೊದಲ ಅವಧಿ ಮುಗಿದಾಗ ಮತ್ತೆ ಅದೇ ಕಥೆ: ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಒಂದು ವರ್ಷಕ್ಕೂ ಹೆಚ್ಚು ತಡವಾಗಿ 2024ರ ಆಗಸ್ಟ್‌ನಲ್ಲಿ ಹೊರಬಿತ್ತು. ಈ ಎರಡು ವಿಳಂಬಗಳ ನಡುವೆ ವಿಧಾನಸೌಧದಲ್ಲಿ ಪಕ್ಷಗಳು ಬದಲಾಗಿದ್ದವು ಎಂಬುದು ಇಲ್ಲಿ ಗಮನಾರ್ಹ.

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಸಂವಿಧಾನದ ಕಡೆಗೇ ನೋಡಬೇಕು. ಏಳನೆಯ ಅನುಸೂಚಿಯಲ್ಲಿ ಸ್ಥಳೀಯ ಆಡಳಿತವು ರಾಜ್ಯ ಪಟ್ಟಿಯ ಐದನೆಯ ವಿಷಯ. ಅಂದರೆ ನಗರಸಭೆಯು ರಾಜ್ಯದ ಶಾಸನದಿಂದ ಹುಟ್ಟಿದ ಕೂಸು. ನಮ್ಮಲ್ಲಿ ಪುರಸಭೆ, ನಗರಸಭೆಗಳಿಗೆ 1964ರ ಕಾಯ್ದೆ, ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ ಇದೆ. ಸಂವಿಧಾನ ರಚನೆಯ ಕಾಲದಲ್ಲಿ ಗ್ರಾಮ ಪಂಚಾಯತಿಗಳಿಗಾದರೂ 40ನೆಯ ವಿಧಿಯಲ್ಲಿ ಒಂದು ಸಾಲಿನ ಜಾಗ ಸಿಕ್ಕಿತು. ಪಟ್ಟಣಗಳಿಗೆ ಅದೂ ಸಿಗಲಿಲ್ಲ. ನಾಲ್ಕು ದಶಕಗಳ ಕಾಲ ಸರಕಾರಗಳು ತಮಗೆ ಬೇಕಾದಾಗ ಚುನಾವಣೆ ನಡೆಸಿದವು, ಬೇಡವಾದಾಗ ಸೂಪರ್‌ಸೀಡ್ ಮಾಡಿದವು.

ಇದಕ್ಕೆ ಕಡಿವಾಣ ಹಾಕಲೆಂದೇ 74ನೆಯ ತಿದ್ದುಪಡಿ ಬಂತು. 1993ರ ಜೂನ್ 1ರಂದು ಜಾರಿಯಾದ ಈ ತಿದ್ದುಪಡಿಯು ಐದು ವರ್ಷಗಳ ಅವಧಿಯನ್ನು ಖಚಿತಪಡಿಸಿತು. ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂದಿತು. ಪರಿಶಿಷ್ಟರಿಗೆ ಜನಸಂಖ್ಯೆಯ ಅನುಪಾತದಲ್ಲಿಯೂ ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗದಷ್ಟೂ ಸ್ಥಾನಗಳನ್ನು ಮೀಸಲಿಟ್ಟಿತು. ಹಿಂದುಳಿದ ವರ್ಗಗಳ ಮೀಸಲಾತಿಯನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಚುನಾವಣೆಗೆ ರಾಜ್ಯ ಚುನಾವಣಾ ಆಯೋಗ, ಹಣ ಹಂಚಿಕೆಗೆ ರಾಜ್ಯ ಹಣಕಾಸು ಆಯೋಗ ಎಂದು ವ್ಯವಸ್ಥೆ ಮಾಡಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು.

ಹೀಗಿದ್ದೂ ಬೆಂಗಳೂರಿನ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಇನ್ನೊಂದು ಚುನಾವಣೆ ನಡೆಯಲಿಲ್ಲ. ಮುಂಬೈ ಪಾಲಿಕೆಯೂ 2022ರ ಮಾರ್ಚ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯ ಕೈಯಲ್ಲಿತ್ತು. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ, ತಕರಾರು ಅರ್ಜಿ ಎಂದು ನೆಪಗಳಿಗೆ ಬರವಿಲ್ಲ. ಇನ್ನೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಸಂವಿಧಾನ ಹೇಳುವ ಐದು ವರ್ಷಗಳ ಲೆಕ್ಕ ಆರಂಭವಾಗುವುದು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಆದ್ದರಿಂದ ಸಭೆಯನ್ನೇ ಕರೆಯದಿದ್ದರೆ ಸದಸ್ಯನ ಅವಧಿ ಸವೆಯುವುದಿಲ್ಲ, ಸರಕಾರಕ್ಕೂ ನಷ್ಟವಿಲ್ಲ. ಸವೆಯುವುದು ಪಟ್ಟಣವಾಸಿಯ ಬಾಳು ಮಾತ್ರ.

ಸಭೆ ಸೇರಿದ ಮೇಲಾದರೂ ಅಧಿಕಾರವಿದೆಯೇ? ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆಂದು 18 ವಿಷಯಗಳ ಪಟ್ಟಿಯಿದೆ. ನಗರ ಯೋಜನೆ, ರಸ್ತೆ, ನೀರು, ನೈರ್ಮಲ್ಯ, ಅಗ್ನಿಶಾಮಕ ಸೇವೆ, ಕೊಳಚೆ ಪ್ರದೇಶಗಳ ಸುಧಾರಣೆ, ಬೀದಿದೀಪ, ಕಸಾಯಿಖಾನೆಗಳ ನಿಯಂತ್ರಣ, ದಫನಭೂಮಿ, ಜನನ ಮರಣಗಳ ನೋಂದಣಿ, ಎಲ್ಲವೂ ಅದರಲ್ಲಿವೆ. ತೊಟ್ಟಿಲಿನಿಂದ ಕಬರಸ್ತಾನದವರೆಗೆ ಎನ್ನೋಣ. ಆದರೆ ಈ ಅಧಿಕಾರಗಳನ್ನು ರಾಜ್ಯ ಶಾಸಕಾಂಗವು 'ಕೊಡಬಹುದು' ಎಂದಿದೆಯೇ ಹೊರತು 'ಕೊಡತಕ್ಕದ್ದು' ಎಂದಿಲ್ಲ. ಆ ಒಂದು ಕ್ರಿಯಾಪದದಲ್ಲಿ ಇಡೀ ತಿದ್ದುಪಡಿ ಸೋರಿಹೋಗಿದೆ. ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಸೇವೆ ರಾಜ್ಯ ಸರಕಾರದ ಇಲಾಖೆ. ದೊಡ್ಡ ನೀರಿನ ಯೋಜನೆಗಳು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪಾಲು. ಬಡಾವಣೆ, ಯೋಜನೆಗಳು ಅನೇಕ ನಗರಗಳಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿವೆ. ಪೌರಾಯುಕ್ತರನ್ನೂ ಮುಖ್ಯಾಧಿಕಾರಿಯನ್ನೂ ಕಳುಹಿಸುವುದು, ವರ್ಗಾಯಿಸುವುದು ಬೆಂಗಳೂರು. ನಗರಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಸಾಲದ್ದಕ್ಕೆ ಶಾಸಕರೂ ಸಂಸದರೂ ಕೌನ್ಸಿಲ್‌ನ ಸದಸ್ಯರು. ಚರಂಡಿಯ ಗುತ್ತಿಗೆ ಯಾರಿಗೆಂಬುದು ಎಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನು ಪಟ್ಟಣವಾಸಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಹಣದ ಕಥೆ ಇನ್ನೂ ಬಡವಾದದ್ದು. ಪಟ್ಟಣಗಳ ಕೈಗೆ ದಿನವೂ ಕಾಸು ತರುತ್ತಿದ್ದ ಆಕ್ಟ್ರಾಯ್ ಸುಂಕ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ವ್ಯಾಪಾರಿಗಳಿಗೆ ನಾಕಾಗಳ ಕಿರುಕುಳ ತಪ್ಪಿದ್ದು ಒಳಿತೇ. ಆದರೆ ಅಂದಿನಿಂದ ಪಟ್ಟಣಗಳು ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆಗಳ ಬಾಡಿಗೆಯಂತಹ ಸಣ್ಣ ಆದಾಯಗಳನ್ನು ನೆಚ್ಚಿಕೊಂಡು, ಉಳಿದುದಕ್ಕೆ ಸರಕಾರದ ಅನುದಾನವನ್ನು ಕಾಯುವಂತಾಯಿತು.

ಕೇಂದ್ರದಿಂದ ತೆರಿಗೆ ಪಾಲಿನಲ್ಲಿ ಅನ್ಯಾಯವಾಗಿದೆಯೆಂದು 2024ರ ಫೆಬ್ರವರಿ 7ರಂದು ಕರ್ನಾಟಕ ಸರಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿತು. 'ನನ್ನ ತೆರಿಗೆ, ನನ್ನ ಹಕ್ಕು' ಎಂಬ ಆ ಘೋಷಣೆ ನ್ಯಾಯಯುತವಾದುದೆಂದೇ ನಾವು ನಂಬಿದ್ದೇವೆ. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯಗಳು ಕೇಂದ್ರದ ಜೀತದಾಳುಗಳಲ್ಲ. ಆದರೆ ಅದೇ ಘೋಷಣೆಯನ್ನು ಪುರಸಭೆಯೊಂದು ವಿಧಾನಸೌಧದ ಮುಂದೆ ಕೂಗಿದರೆ ಉತ್ತರವೇನು? ಕೇರಳವು 1996ರ ಜನತಾ ಯೋಜನೆಯಲ್ಲಿ ತನ್ನ ಯೋಜನಾ ವೆಚ್ಚದ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನದನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಅದರಿಂದ ಆ ರಾಜ್ಯವೇನೂ ದುರ್ಬಲವಾಗಲಿಲ್ಲ. ಬ್ರೆಜಿಲ್ ದೇಶವು ತನ್ನ 1988ರ ಸಂವಿಧಾನದಲ್ಲಿ ಪುರಸಭೆಗಳನ್ನು ರಾಜ್ಯಗಳ ಜೊತೆಯಲ್ಲೇ ಒಕ್ಕೂಟದ ಅಂಗಗಳೆಂದು ಬರೆದುಕೊಂಡಿದೆ. ನಮ್ಮಲ್ಲಿ ಅಷ್ಟು ದೂರ ಹೋಗಲು ಇನ್ನೆಷ್ಟು ಕಾಲ ಬೇಕೋ!

ಸರಕಾರವನ್ನು ದೂರುವಾಗ ನಮ್ಮ ಸಮುದಾಯದ ಪಾಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮುಸ್ಲಿಮರು ದಟ್ಟವಾಗಿ ವಾಸಿಸುವ ಪ್ರದೇಶಗಳಲ್ಲಿ ಮೂಲಸೌಕರ್ಯಗಳ ಕೊರತೆಯನ್ನು ಸಾಚಾರ್ ಸಮಿತಿ 2006ರಲ್ಲಿಯೇ ದಾಖಲಿಸಿತು. ಸ್ಥಳೀಯ ಸಂಸ್ಥೆಗಳಲ್ಲಿ ನಾಮನಿರ್ದೇಶನದ ಮೂಲಕವಾದರೂ ಅಲ್ಪಸಂಖ್ಯಾತರ ಭಾಗವಹಿಸುವಿಕೆ ಹೆಚ್ಚಬೇಕೆಂದು ಅದು ಸಲಹೆಯಿತ್ತಿತ್ತು. ಅದನ್ನು ನಾವು ಭಾಷಣಗಳಲ್ಲಿ ಉದ್ಧರಿಸುತ್ತೇವೆ. ಆದರೆ ಲೋಕಸಭಾ ಚುನಾವಣೆಯ ಬಗ್ಗೆ ರಾತ್ರಿಯಿಡೀ ಚರ್ಚಿಸುವ ನಮ್ಮ ಯುವಕರಲ್ಲಿ ಎಷ್ಟು ಮಂದಿ ತಮ್ಮ ನಗರಸಭೆಯ ಬಜೆಟ್ ಪುಸ್ತಕವನ್ನು ಕಣ್ಣಲ್ಲಿ ಕಂಡಿದ್ದಾರೆ? ಕೌನ್ಸಿಲರ್ ಚುನಾವಣೆಯೆಂದರೆ ನಮಗೆ ಬಿರಾದರಿಯ ಲೆಕ್ಕ, ಕೊನೆಯ ರಾತ್ರಿಯ ನೋಟು. ಮಹಿಳಾ ಮೀಸಲು ವಾರ್ಡಿನಲ್ಲಿ ಗೆದ್ದ ಸಹೋದರಿಯ ಹೆಸರೂ ಗೊತ್ತಿಲ್ಲದೆ ಆಕೆಯ ಪತಿಯನ್ನೇ 'ಮೆಂಬರ್ ಸಾಹೇಬ್' ಎಂದು ಕರೆಯುವ ಮೊಹಲ್ಲಾಗಳು ಒಂದೆರಡಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ಆತಂಕದಲ್ಲಿ 2019ರ ಡಿಸೆಂಬರಿನಿಂದ ಜನನ ಪ್ರಮಾಣಪತ್ರಕ್ಕಾಗಿ ನಮ್ಮವರು ಪುರಸಭೆಯ ಮುಂದೆ ಸರತಿ ನಿಂತಾಗ, ಆ ಕಟ್ಟಡದೊಳಗೆ ಮೊದಲ ಬಾರಿಗೆ ಕಾಲಿಟ್ಟ ಪದವೀಧರರನ್ನೂ ನಾವು ಕಂಡೆವು.

ಕೆಲವು ವರ್ಷಗಳ ಬಳಿಕ ನಮ್ಮ ಪಟ್ಟಣದಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆಯಲಾಯಿತು. ನೋಟೀಸು ಪತ್ರಿಕೆಯ ಮೂಲೆಯಲ್ಲಿ ಬಂದಿತ್ತು. ನಾವು ಹೋದಾಗ ಸಭಾಂಗಣದಲ್ಲಿ ಸಾರ್ವಜನಿಕರೆಂದು ಇದ್ದವರು ಹನ್ನೊಂದು ಮಂದಿ. ವಾಯುವಿಹಾರದ ಗೆಳೆಯರ ಗುಂಪೊಂದು ಉದ್ಯಾನದಲ್ಲಿ ಕಲ್ಲುಬೆಂಚುಗಳನ್ನು ಕೇಳಿತು, ವರ್ತಕರು ಮಾರುಕಟ್ಟೆಗೆ ಶೌಚಾಲಯ ಕೇಳಿದರು. ಮಸೀದಿ ಮುಂದಿನ ಚರಂಡಿಯ ವಿಷಯವನ್ನು ನಾವು ಎತ್ತಿದೆವು. "ಆ ವಾರ್ಡಿನಿಂದ ಲಿಖಿತ ಮನವಿ ಏನಾದರೂ ಬಂದಿದೆಯೇ?" ಎಂದು ಅಧಿಕಾರಿ ಕಡತ ತಿರುವಿದರು. ಬಂದಿರಲಿಲ್ಲ. ಆ ವರ್ಷ ಉದ್ಯಾನಕ್ಕೆ ಬೆಂಚುಗಳು ಬಂದವು. ನಾವು ಮಸೀದಿ ಕಮಿಟಿಗೆ ಹೋಗಿ, ಹಿರಿಯರನ್ನು ಕೂರಿಸಿಕೊಂಡು ಮನವಿ ಬರೆದೆವು. ನಲವತ್ತಾರು ಮನೆಗಳ ಸಹಿ ಬಿತ್ತು, ಅದರಲ್ಲಿ ಹತ್ತೊಂಬತ್ತು ಹೆಂಗಸರದು.