ಲೆಕ್ಕ ಒಪ್ಪಿಸುವುದು ಯಾರಿಗೆ?

ಆರ್ಥಿಕ ವರ್ಷ ಮುಗಿಯುತ್ತಲೆ ನಮ್ಮ ನಗರಾಡಳಿತಗಳು ತಾವು ಮಾಡಿದ ಕಾರ್ಯಗಳ ಪಟ್ಟಿಯನ್ನು ಪ್ರಕಟಿಸುವುದು ವಾಡಿಕೆ. ಇಷ್ಟು ರಸ್ತೆಗಳಿಗೆ ಡಾಂಬರು ಬಿದ್ದಿತು, ಇಷ್ಟು ಚರಂಡಿಗಳಾದುವು, ಇಷ್ಟು ಬೀದಿದೀಪಗಳು ಹೊತ್ತಿದುವು ಎಂಬ ಒಕ್ಕಣೆ ಎಲ್ಲ ಊರುಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಇಂಥ ಪಟ್ಟಿಯನ್ನು ಹಗುರವಾಗಿ ಕಾಣುವವರಲ್ಲಿ ನಾವು ಸೇರಿಲ್ಲ. ಚರಂಡಿ ಸರಿಯಾದರೆ ರೋಗ ತಗ್ಗುತ್ತದೆ. ದೀಪವಿದ್ದ ಬೀದಿಯಲ್ಲಿ ಹೆಂಗಸರು, ಮಕ್ಕಳು ನಿರ್ಭಯವಾಗಿ ನಡೆಯುತ್ತಾರೆ. ಆದರೆ ಲೆಕ್ಕ ಬರೆಯುವುದು ಒಂದು, ಲೆಕ್ಕ ಒಪ್ಪಿಸುವುದು ಮತ್ತೊಂದು. ಒಪ್ಪಿಸಿಕೊಳ್ಳುವವರಿಲ್ಲದ ಕಡೆ ಎಷ್ಟು ಅಂದವಾದ ವರದಿಯಾದರೂ ಬರಿಯ ಜಾಹೀರಾತು. ಈ ಮಾತನ್ನು ಮೈಸೂರು ನಗರದ ನಿದರ್ಶನದಿಂದ ಪರಿಶೀಲಿಸುವುದು ಉಚಿತ.

ನಗರಸುಧಾರಣೆಯಲ್ಲಿ ಮೈಸೂರಿನ ಕೀರ್ತಿ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಊರನ್ನು ಹಿಂಡಿದ ಬಳಿಕ, 1903ರಲ್ಲಿ ಇಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ದೇಶದಲ್ಲಿ ಆ ಬಗೆಯ ಮೊದಲ ಸಂಸ್ಥೆಗಳಲ್ಲೊಂದು. 1908ರಲ್ಲಿ ವಿದ್ಯುದ್ದೀಪ ಬಂದಿತು. ನಮ್ಮ ಕಾಲದಲ್ಲಿ, ಕೇಂದ್ರ ಸರ್ಕಾರದವರು ನಡೆಯಿಸಿದ ಸ್ವಚ್ಛತೆಯ ಪರೀಕ್ಷೆಯಲ್ಲಿ 2015ರಲ್ಲಿ 476 ನಗರಗಳ ನಡುವೆಯೂ, 2016ರಲ್ಲಿ 73 ನಗರಗಳ ನಡುವೆಯೂ ಮೈಸೂರು ಮೊದಲನೆಯದಾಯಿತು. 2025ರ ಜುಲೈನಲ್ಲಿ ಪ್ರಕಟವಾದ ಫಲಿತಾಂಶದಲ್ಲಿಯೂ, ಮೂರರಿಂದ ಹತ್ತು ಲಕ್ಷ ಜನಸಂಖ್ಯೆಯ ನಗರಗಳ ಪೈಕಿ ಅಗ್ರಶ್ರೇಣಿಯಲ್ಲಿ ಎಣಿಸಲ್ಪಟ್ಟಿತು. ಇದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಆದರೆ ಈ ಕೊನೆಯ ಗೌರವ ಬಂದ ವೇಳೆಗೆ ಆ ನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ. 2018ರಲ್ಲಿ ಪೌರರು ಆರಿಸಿದ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಕಾಲಕ್ಕೆ ಸರಿಯಾಗಿ ಹೊಸ ಸಭೆ ಬರಲಿಲ್ಲ. ಅಧಿಕಾರ ಸರ್ಕಾರದ ಆಡಳಿತಾಧಿಕಾರಿಗಳ ಕೈಸೇರಿತು. 1993ರ ಜೂನ್ 1ರಿಂದ ಜಾರಿಯಲ್ಲಿರುವ ಸಂವಿಧಾನದ 74ನೆಯ ತಿದ್ದುಪಡಿಯ ವಿಧಿಯಾದರೋ ಸ್ಪಷ್ಟವಾಗಿದೆ: ನಗರಸಭೆಯ ಆಯುಷ್ಯ ಐದು ವರ್ಷ, ಅದು ತೀರುವ ಮೊದಲೇ ಚುನಾವಣೆ ಮುಗಿದಿರಬೇಕು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ದೃಢಪಡಿಸಿತು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಸಭೆಯ ಅವಧಿ ತೀರಿದ ಮೇಲೆ ವರ್ಷಾನುವರ್ಷ ಇದೇ ಲೋಪ ನಡೆಯಿತು. ರಾಜಧಾನಿಯ ದುರಭ್ಯಾಸವನ್ನು ಇತರ ನಗರಗಳು ಕಲಿಯುವುದು ಶುಭಸೂಚನೆಯಲ್ಲ.

“ಸಭೆಯಿಲ್ಲದಿದ್ದರೂ ಬಹುಮಾನ ಬಂದಿತಲ್ಲ! ಸದಸ್ಯರ ಗದ್ದಲವಿಲ್ಲದೆ ಅಧಿಕಾರಿಗಳೇ ಚೆನ್ನಾಗಿ ನಡೆಯಿಸುತ್ತಿರುವಾಗ ಚುನಾವಣೆಯ ಖರ್ಚೇಕೆ?” ಎನ್ನುವವರುಂಟು. ಈ ವಾದ ಹೊಸದಲ್ಲ. ಪರರ ಆಳ್ವಿಕೆಯ ಕಾಲದಲ್ಲಿ ಇದನ್ನು ಬೇಕಾದಷ್ಟು ಕೇಳಿದ್ದೇವೆ. ಅಂದು ದೇಶ ಅದನ್ನು ಒಪ್ಪಲಿಲ್ಲ. ಲಾರ್ಡ್ ರಿಪನ್ನನೇ 1882ರ ನಿರ್ಣಯದಲ್ಲಿ, ಸ್ಥಳೀಯ ಸ್ವರಾಜ್ಯದ ಮುಖ್ಯ ಪ್ರಯೋಜನ ಆಡಳಿತದ ಚುರುಕಲ್ಲ, ಜನತೆಯ ರಾಜಕೀಯ ಶಿಕ್ಷಣ ಎಂದು ಒಪ್ಪಿಕೊಂಡಿದ್ದನು. ಸರ್ದಾರ್ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನ ಪುರಸಭೆಯ ಅಧ್ಯಕ್ಷರಾಗಿ ದುಡಿದರು. ಚರಂಡಿಯ ಕೆಲಸವನ್ನು ಸ್ವರಾಜ್ಯದ ಕೆಲಸಕ್ಕಿಂತ ಕೀಳೆಂದು ಭಾವಿಸಿದವರು ಅವರಲ್ಲ. ಇಷ್ಟಕ್ಕೂ ಮೈಸೂರಿನ ಸ್ವಚ್ಛತೆ ಯಾವ ಒಬ್ಬ ಅಧಿಕಾರಿಯ ಸೃಷ್ಟಿ? ಬೆಳಗು ಹರಿಯುವ ಮೊದಲೇ ಪೊರಕೆ ಹಿಡಿಯುವ ಪೌರಕಾರ್ಮಿಕರದು, ಹಸಿ ಕಸ ಒಣ ಕಸಗಳನ್ನು ಬೇರೆಯಾಗಿಡುವ ಗೃಹಿಣಿಯರದು ಆ ಯಶಸ್ಸು. ಅಧಿಕಾರಿ ದಕ್ಷನಿರಬಹುದು, ಆದರೆ ಇಂದು ಇದ್ದು ನಾಳೆ ವರ್ಗವಾಗುತ್ತಾನೆ. ಅವನನ್ನು ಕಳುಹಿಸುವವರೂ ಕರೆಯಿಸಿಕೊಳ್ಳುವವರೂ ಪೌರರಲ್ಲ.

ಚುನಾಯಿತ ಸಭೆಗಳು ದೋಷರಹಿತವೆಂದು ನಾವು ಹೇಳುವುದಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಮೇಯರ ಗಾದಿ ವರ್ಷಕ್ಕೊಬ್ಬರಂತೆ ಕೈಬದಲಾಗುತ್ತಿದ್ದುದರಿಂದ ದೀರ್ಘಕಾಲದ ಕಾರ್ಯವನ್ನು ಕೈಗೊಳ್ಳುವವರೇ ಇಲ್ಲವಾದರು. ಇವೆಲ್ಲ ನಿಜ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲುಂಟು, ಹೂಮಾಲೆಯುಂಟು. ಹಳೆಯ ಕಟ್ಟಡದ ಸೋರುವ ಮಾಡಿಗೆ ಎರಡೂ ಇಲ್ಲ. ಆದುದರಿಂದ ಮಾಡದೆ ಬಿಟ್ಟ ದುರಸ್ತಿ ಯಾವ ಸಾಧನೆಯ ಪಟ್ಟಿಯಲ್ಲಿಯೂ ಕಾಣಿಸದು. ಅದನ್ನು ಎತ್ತಿ ಆಡಲು ಸಭೆಯಲ್ಲಿ ಒಬ್ಬ ಪ್ರತಿನಿಧಿ ಬೇಕು. ಅವನೂ ಸುಮ್ಮನಿದ್ದರೆ ಐದು ವರ್ಷಕ್ಕೊಮ್ಮೆ ಅವನನ್ನು ಮನೆಗೆ ಕಳುಹಿಸುವ ಹಕ್ಕು ವಾರ್ಡಿನವರಿಗುಂಟು. ಅಧಿಕಾರಿಯ ವಿಷಯದಲ್ಲಿ ಆ ಹಕ್ಕು ಇಲ್ಲ.

ಈ ಪಾಠವನ್ನು ಮೈಸೂರು ಪರರಿಂದ ಕಲಿಯಬೇಕಾದುದಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಅದೇ ನಗರದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸಂಸ್ಥಾನದ ಆಡಳಿತದ ವಿವರವನ್ನು ಜನರ ಮುಂದಿಟ್ಟರು. ದಸರೆಯ ವೇಳೆಗೆ ದಿವಾನರು ವರ್ಷದ ಕಾರ್ಯಗಳನ್ನು ನಿರೂಪಿಸುವುದೂ, ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡುವುದೂ ಸಂಪ್ರದಾಯವಾಯಿತು. ಮೊದಮೊದಲು ಸದಸ್ಯರು ಚುನಾಯಿತರಲ್ಲ; ಸಭೆಗೆ ಸಲಹೆ ಹೇಳುವುದರ ಹೊರತು ಅಧಿಕಾರವೂ ಇರಲಿಲ್ಲ. ಆದರೂ ಆಳುವವರು ಪ್ರಜೆಗಳ ಎದುರು ನಿಂತು ಲೆಕ್ಕ ಒಪ್ಪಿಸಬೇಕೆಂಬ ಮರ್ಯಾದೆ ನೆಲೆಗೊಂಡಿತು. ಅರಸೊತ್ತಿಗೆಯ ಕಾಲದಲ್ಲಿ ಸಾಧ್ಯವಾದುದು ಗಣರಾಜ್ಯದಲ್ಲಿ ಅಸಾಧ್ಯವೆ?

ಆದುದರಿಂದ ನಮ್ಮ ಸೂಚನೆ ಇಷ್ಟು. ಯಾವ ನಗರದಲ್ಲಿಯೇ ಆಗಲಿ, ಸಭೆಯ ಅವಧಿ ತೀರುವ ಮೊದಲೇ ಚುನಾವಣೆ ನಡೆಯಬೇಕು. ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನಗರದ ಎಲ್ಲೆಯ ವಿಸ್ತರಣೆ ಇವುಗಳ ನೆವ ಅದಕ್ಕೆ ಅಡ್ಡಬರಕೂಡದು. ಈ ಕೆಲಸಗಳಿಗೆ ಐದು ವರ್ಷದ ಕಾಲಾವಕಾಶ ಸಾಲದೆಂದರೆ ನಂಬುವವರಾರು? ವರ್ಷದ ವರದಿ ವಾರ್ಡುವಾರು ಇರಲಿ. ಕೈಗೊಂಡುದು, ಮುಗಿದುದು, ಉಳಿದುದು, ಪ್ರತಿಯೊಂದಕ್ಕೂ ಆದ ಖರ್ಚು, ಬಂದ ದೂರುಗಳು, ತೀರಿದ ದೂರುಗಳು ತಿಳಿಗನ್ನಡದಲ್ಲಿ ಅಚ್ಚಾಗಲಿ. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ಸಂವಿಧಾನವೇ ವಿಧಿಸಿರುವ ವಾರ್ಡು ಸಮಿತಿಗಳ ಮುಂದೆ ಅದನ್ನು ಓದಲಿ. ಮೈಸೂರಿನ ಪುರಭವನವಂತೂ ರಂಗಾಚಾರ್ಲು ಅವರ ಸ್ಮಾರಕವೇ ಆಗಿದೆ. ವರ್ಷಕ್ಕೊಂದು ದಿನ ಅಲ್ಲಿ ಸಾರ್ವಜನಿಕವಾಗಿ ಲೆಕ್ಕ ಓದಿ ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕಿಂತ ಆ ಮಹನೀಯರಿಗೆ ಸಲ್ಲತಕ್ಕ ಗೌರವ ಬೇರೊಂದಿಲ್ಲ.

ಪೌರರ ಹೊಣೆಯೂ ಅಲ್ಪವಲ್ಲ. ಕಂದಾಯವನ್ನು ಬಾಕಿ ಇರಿಸಿಕೊಂಡು, ಮತದಾನದ ದಿನ ಮನೆಯಲ್ಲಿ ಕುಳಿತು, ಬಳಿಕ ಚರಂಡಿಗಾಗಿ ಗೊಣಗುವವರಿಗೆ ಪ್ರಶ್ನಿಸುವ ನೈತಿಕ ಬಲ ಉಳಿಯುವುದಿಲ್ಲ. ಬಹುಮಾನದ ಫಲಕ ಗೋಡೆಗೆ ಅಲಂಕಾರ. ಊರಿನ ನಿಜವಾದ ಸ್ಥಿತಿಗೆ ಸಾಕ್ಷಿ ಹೇಳಬೇಕಾದವರು ಅಲ್ಲಿ ವಾಸಿಸುವ ಜನ. ಆ ಸಾಕ್ಷಿಯನ್ನು ಕೇಳುವ ಸಭೆಯನ್ನು ಕಾಲಕಾಲಕ್ಕೆ ಕೂಡಿಸುವುದು ಸರ್ಕಾರದ ಕರ್ತವ್ಯ; ಕೂಡಿಸಿರೆಂದು ಪಟ್ಟುಹಿಡಿಯುವುದು ಜನತೆಯ ಕರ್ತವ್ಯ.